ಎಲ್ಲ ನದಿಗಳೂ ಪೋ

"ನೆಗಡಿಯಾದವನ ಮೂಗಿನಲ್ಲಿ ಹುಟ್ಟಿ ಪ್ಯಾರಿಸ್ ಪಟ್ಟಣದ ನಡುವೆ ಹರಿಯುತ್ತದೆ. ಯಾವ ನದಿ?"

ಗುರುದೇವಿ ಓದಿ ಮುಗಿಸಿ, ನೋಟ್‌ಬುಕ್ಕಿನ ಸಾಲಿನ ಮೇಲೆ ಬೆರಳಿಟ್ಟುಕೊಂಡು ಗಂಡನ ಬಾಯಿಯನ್ನೇ ನೋಡಿದಳು. ಶಿವಪ್ರಕಾಶನ ತುಟಿಯ ಎಡತುದಿ ಅಲುಗಿತು. ಲಕ್ವಾ ಹೊಡೆದ ಬಲತುದಿ ಹನ್ನೊಂದು ತಿಂಗಳ ಹಿಂದೆ ಹೇಗೆ ಇಳಿಬಿದ್ದಿತ್ತೋ ಹಾಗೇ ಇತ್ತು.

"ಪೋ," ಎಂದ.

"ಅಲ್ರೀ. ನೆಗಡಿ ಆದ್ರ ಏನ್ ಬರ್ತೈತಿ? ಸೀನು. ಪ್ಯಾರಿಸಿನ್ಯಾಗ ಸೀನ್ ನದಿ. ನೀವ ಬರದದ್ದಲ್ಲೇನ್ರಿ ಇದು?"

"ಪೋ."

ಇಪ್ಪತ್ತೊಂದು ದಿನದಿಂದ ಇದೇ ಹಾಡು. ನೈಲ್ ಕೇಳಿದರೂ ಪೋ, ಅಮೆಜಾನ್ ಕೇಳಿದರೂ ಪೋ. ಜಗತ್ತಿನಲ್ಲಿ ಹರಿಯುವ ನೀರನ್ನೆಲ್ಲ ಈ ಮನುಷ್ಯ ಇಟಲಿ ದೇಶದ ಒಂದು ಹೊಳೆಗೆ ತಿರುಗಿಸಿ ಕೂತುಬಿಟ್ಟಿದ್ದ. ಗುರುದೇವಿ ಪೆನ್ಸಿಲಿನಿಂದ ಸಾಲಿನ ಪಕ್ಕದಲ್ಲಿ ತಪ್ಪು ಎಂದು ಗೀಟು ಎಳೆದಳು. ಗೀಟು ಎಳೆಯುವುದಕ್ಕೂ ಅವಳ ಕೈಗೆ ಬೇಸರ ಬಂದಿತ್ತು.

ಆ ನೋಟ್‌ಬುಕ್ ಒಂದು ಕಾಲದಲ್ಲಿ ಈ ಮನೆಯ ಹಬ್ಬ. ಶಿವಪ್ರಕಾಶ ಹುಮನಾಬಾದಿನಿಂದ ಬಂದು ನಾಂಪಲ್ಲಿಯ ಸರ್ಕಾರಿ ಕಚೇರಿಯಲ್ಲಿ ನಕ್ಷೆಗಳ ಕಪಾಟಿಗೆ ಗುಮಾಸ್ತನಾದವನು. ಕಚೇರಿಯಲ್ಲಿ ದಿನವಿಡೀ ತೆಲುಗು, ಚಹದಂಗಡಿಯಲ್ಲಿ ಹಿಂದಿ, ಮನೆಗೆ ಬಂದ ಮೇಲೆ ಕನ್ನಡ. ಮೂರೂ ಸೇರಿ ಅವನ ತಲೆಯಲ್ಲಿ ಏನು ಕಿತಾಪತಿ ನಡೆಸುತ್ತಿದ್ದವೋ, ಕನ್ನಡ ಸಂಘದ ನಾಲ್ಕು ಪುಟದ ಮಾಸಪತ್ರಿಕೆಗೆ ಹದಿನೆಂಟು ವರ್ಷ 'ಹೊಳೆ ಹುಡುಕಿ' ಎಂಬ ಒಗಟಿನ ಅಂಕಣ ಬರೆದ. "ನಾಯಿಗೆ ಹಾಕುವುದರಲ್ಲಿ ಎರಡು ಉಕಾರ ನುಂಗಿದರೆ ಜರ್ಮನಿ." ಎಲುಬು, ಎರಡು ಉಕಾರ ಹೋದರೆ ಎಲ್ಬ್. "ಅಮ್ಮೀಜಾನ್ ಎಂದು ಕೂಗಿದರೆ ಬ್ರೆಜಿಲ್ಲಿನಲ್ಲಿ ಓಗೊಡುವಳು." ಅದು ಅಮೆಜಾನ್. ಉತ್ತರ ಕಳಿಸುತ್ತಿದ್ದವರು ಇಡೀ ಸಂಘದಲ್ಲಿ ಏಳೆಂಟು ಜನ. ಅವನಿಗೆ ಅಷ್ಟೇ ಸಾಕಿತ್ತು.

ಅಚ್ಚಿಗೆ ಹೋಗುವ ಮೊದಲು ಪ್ರತಿ ಒಗಟಿಗೂ ಗುರುದೇವಿಯ ಪರೀಕ್ಷೆ. ಅವಳು ರೊಟ್ಟಿ ಬಡಿಯುತ್ತ, ಸೀರೆ ನೆರಿಗೆ ಹಿಡಿಯುತ್ತ ಉತ್ತರ ಹೇಳುತ್ತಿದ್ದಳು. ಒಮ್ಮೆ ಬಸ್ಸು ಸೇತುವೆಯ ಮೇಲೆ ನಿಂತಾಗ ಅವನು ಕಿವಿಯ ಹತ್ತಿರ ಬಾಗಿ, "ಕನ್ನಡದವರು ಮೂಗಿನಿಂದ ಗುರುತು ಹಿಡಿಯುವ ಹೊಳೆ ಯಾವುದು?" ಎಂದಿದ್ದ. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದ ಅವಳು, "ಮೂಸಿ ನೋಡೂದ ಬ್ಯಾಡ, ಗೊತ್ತಾತು," ಅಂದುಬಿಟ್ಟಿದ್ದಳು. ಸೇತುವೆಯ ಕೆಳಗೆ ನಾರುತ್ತಿದ್ದದ್ದು ಮೂಸಿ ನದಿ. ಗಂಡ ಹೆಂಡತಿ ಯಾಕೆ ಇಷ್ಟು ನಗುತ್ತಾರೆಂದು ಬಸ್ಸಿನ ತೆಲುಗು ಜನ ತಿರುಗಿ ನೋಡಿದ್ದರು.

ಈಗ ನಗುವವರು ಯಾರು? ಮಕ್ಕಳಿಲ್ಲದ ಮನೆ. ಬೆಳಿಗ್ಗೆ ಎಬ್ಬಿಸುವುದು, ತೊಳೆಯುವುದು, ತಿನ್ನಿಸುವುದು, ಕುರ್ಚಿಯಲ್ಲಿ ಕೂರಿಸುವುದು, ಮತ್ತೆ ಮಲಗಿಸುವುದು. ಬೇಗಂಪೇಟೆಯ ವಿಮಾ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ದುಡಿದವಳು ಸಂಬಳವಿಲ್ಲದ ರಜೆ ಹಾಕಿ ಕೂತಿದ್ದಳು. ಅಮೀರ್‌ಪೇಟೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ, "ಅವರಿಗೆ ರೂಢಿಯಿದ್ದ ಮಾತುಗಳನ್ನೇ ಕೇಳಿ, ಆದರೆ ಉತ್ತರ ನೀವು ಹೇಳಬೇಡಿ, ಕಾಯಿರಿ," ಎಂದಿದ್ದಳು. ಕಾಯುವುದಂತೆ! ಈ ಹನ್ನೊಂದು ತಿಂಗಳು ಅವಳು ಮಾಡಿದ್ದು ಬೇರೆ ಏನು? ಹತ್ತು ಎಣಿಸುವುದರೊಳಗೆ ಉತ್ತರ ತಾನೇ ಹೇಳಿ ಪುಟ ತಿರುವುತ್ತಿದ್ದಳು. ಒಲೆಯ ಮೇಲೆ ಗಂಜಿ ಇರುತ್ತಿತ್ತು.

ಇಪ್ಪತ್ತೆರಡು ದಿನದ ಹಿಂದೆ ಕಚೇರಿಯಿಂದ ಪತ್ರ ಬಂದಿತ್ತು. ರಜೆ ಇನ್ನು ವಿಸ್ತರಿಸಲಾಗದು, ಮುಂದಿನ ತಿಂಗಳ ಮೊದಲ ಸೋಮವಾರ ಹಾಜರಾಗಿ, ಇಲ್ಲವಾದರೆ ರಾಜೀನಾಮೆ ಕಳಿಸಿ. ಗುರುದೇವಿ ಅದನ್ನು ಗಂಡನಿಗೆ ಗಟ್ಟಿಯಾಗಿ ಓದಿ ಹೇಳಿ, "ಬಿಟ್ಟು ಬಿಡ್ತೀನ್ರಿ ನೌಕರಿ. ಇನ್ನೇನ್ ಮಾಡೂದೈತಿ," ಎಂದಿದ್ದಳು. ಮರುದಿನವೇ ಅವನ ಬಾಯಲ್ಲಿ ಮೊದಲ ಮಾತು ಹೊರಟಿತ್ತು: ಪೋ. ಹತ್ತು ತಿಂಗಳ ಮೇಲೆ ಒಂದು ಮಾತು! ಅವಳು ಅಕ್ಕಪಕ್ಕದ ಮನೆಗೆಲ್ಲ ಸಕ್ಕರೆ ಹಂಚಿ, ನೋಟ್‌ಬುಕ್ ಹುಡುಕಿ ತೆಗೆದಿದ್ದಳು. ನದಿಗಳು ನೆನಪಾಗುತ್ತಿವೆ, ಒಂದರ ಹಿಂದೆ ಒಂದು ಬರುತ್ತವೆ ಎಂದುಕೊಂಡಿದ್ದಳು. ಒಂದರ ಹಿಂದೆ ಅದೊಂದೇ ಬಂತು.

ಇವತ್ತು ಶನಿವಾರ. ರಾಜೀನಾಮೆ ಪತ್ರ ಬರೆದು ಟಿ.ವಿ.ಯ ಕೆಳಗೆ ಇಟ್ಟಾಗಿತ್ತು.

"ಅಕ್ಕಾರ, ದಿನಾ ಮುಂಜಾನೆ ಎದ್ದು ಬೈಸ್ಕೊಂತೀರಲ್ರಿ," ಎಂದಳು ಹಂಪಮ್ಮ, ನೆಲ ಒರೆಸುವುದನ್ನು ನಿಲ್ಲಿಸಿ. ಕೊಪ್ಪಳದ ಕಡೆಯವಳು. ಕಟ್ಟಡದ ಕೆಲಸಕ್ಕೆಂದು ಬಂದು, ಮೊಣಕಾಲು ಕೈಕೊಟ್ಟ ಮೇಲೆ ಮನೆಗೆಲಸ ಹಿಡಿದಿದ್ದಳು. ಹಗಲೆಲ್ಲ ಸಾಹೇಬರ ಹತ್ತಿರ ನಾನು ಕುಂದರ್ತೀನಿ ಎಂದು ಎರಡು ಸಲ ಹೇಳಿದ್ದಳು. ಗುರುದೇವಿ ಕಿವಿಗೆ ಹಾಕಿಕೊಂಡಿರಲಿಲ್ಲ.

"ಬೈಗಳ ಅಲ್ಲವ್ವಾ ಅದು. ನದಿ ಹೆಸರು."

"ನದಿ ಗಿದಿ ನನಗೇನ್ ತಿಳೀತೈತ್ರಿ. ಹತ್ತು ವರ್ಷ ತೆಲುಗು ಮೇಸ್ತ್ರಿ ಬಾಯಾಗ ಕೇಳೀನಿ ಆ ಮಾತು. ಪೋ ಅಂದ್ರ ಹೋಗು. ಸಿಟ್ಟಿಲೆ ಅಂದ್ರ ಒಂದ್ ನಮೂನಿ, ಸಮಾಧಾನಲೆ ಅಂದ್ರ ಒಂದ್ ನಮೂನಿ. ಸಾಹೇಬ್ರು ಸಮಾಧಾನಲೆ ಅನ್ನಾಕತ್ತಾರ."

"ನಿನಗೂ ಅಂತಾರೇನು?"

"ನನಗ್ಯಾಕ ಅಂತಾರ್ರಿ? ನೀರು ಕೊಟ್ರ ಕುಡೀತಾರ, ಸುಮ್ನ ಇರ್ತಾರ. ನಿಮ್ಮ ಮಾರಿ ನೋಡಿದ್ರ ಅಷ್ಟ ಪೋ ಅಂತಾರ."

ಹಂಪಮ್ಮ ಬಕೆಟ್ಟು ಎತ್ತಿಕೊಂಡು ಬಚ್ಚಲಿಗೆ ಹೋದಳು. ಗುರುದೇವಿ ಕೂತಲ್ಲೇ ಕೂತಳು. ಮೂವತ್ತು ವರ್ಷದಿಂದ ತೆಲುಗು ಕೇಳುತ್ತಿರುವ ಕಿವಿ ಅವಳದೂ ಹೌದು. ಅಂಗೈ ಹುಣ್ಣಿಗೆ ಕನ್ನಡಿ ಹಿಡಿದು ಕೂತಿದ್ದೆನೇ ನಾನು? ಆದರೆ ಈ ಮನೆಯಲ್ಲಿ ಹೋಗು ಎಂಬ ಮಾತೇ ಇರಲಿಲ್ಲ. ಅತ್ತೆಯ ಕಾಲದಿಂದಲೂ ಹಾಗೆ: ಹೊರಡುವವರಿಗೆ ಹೋಗು ಅನ್ನಬಾರದು, ಹೋಗಿ ಬಾ ಅನ್ನಬೇಕು. ಹೊರಡುವವರು ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು. ಇಪ್ಪತ್ತಾರು ವರ್ಷ ಅವನು ದಿನಾ ಬಾಗಿಲಲ್ಲಿ ನಿಂತು ಹೋಗಿ ಬಾ ಎಂದೇ ಕಳಿಸಿಕೊಟ್ಟಿದ್ದ. ಅಂಥವನು ಹೋಗು ಎಂದಾನೆಂದು ಅವಳಿಗೆ ಹೇಗೆ ಹೊಳೆಯಬೇಕು?

ಅವಳು ನೋಟ್‌ಬುಕ್ಕಿನ ಪುಟಗಳನ್ನು ಹಿಂದಕ್ಕೆ ತಿರುವಿದಳು. ಪೋ ಇರುವ ಪುಟ ಅವಳಿಗೆ ಗೊತ್ತಿತ್ತು. ಒಂದು ಯುಗಾದಿಗೆ ಬರೆದ ಜೋಡಿ ಒಗಟು ಅದು. ಗಂಡ ಹೆಂಡತಿ ಒಗಟು ಎಂದು ಅವನೇ ಹೆಸರಿಟ್ಟಿದ್ದ. ಇಷ್ಟು ದಿನ ಅವಳು ಆ ಪುಟವನ್ನು ಬೇಕೆಂದೇ ಬಿಟ್ಟಿದ್ದಳು. ಹೇಗೂ ಪೋ ಅನ್ನುತ್ತಾನೆ, ಅದು ಸರಿ ಆಗಿಬಿಟ್ಟರೆ ಯಾವ ಸುಖ?

"ತೆಲುಗಿನವರು ಒಂದೇ ಅಕ್ಷರದಲ್ಲಿ ಕಳಿಸಿಕೊಡುವರು, ಇಟಲಿಯವರು ಅದರಲ್ಲಿ ದೋಣಿ ಬಿಡುವರು," ಎಂದು ಓದಿದಳು. "ಯಾವ ನದಿರಿ?"

ಇಪ್ಪತ್ತೊಂದು ದಿನದಲ್ಲಿ ಮೊದಲ ಸಲ ಶಿವಪ್ರಕಾಶ ಪೋ ಅನ್ನಲಿಲ್ಲ. ಅವಳು ಹತ್ತು ಎಣಿಸಿದಳು, ಇಪ್ಪತ್ತು ಎಣಿಸಿದಳು. ಅವನು ಎಡಗೈ ಚಾಚಿ ಅವಳ ತೊಡೆಯ ಮೇಲಿದ್ದ ನೋಟ್‌ಬುಕ್ ಮುಚ್ಚಿದ. ಆಮೇಲೆ ಅದೇ ಕೈಯನ್ನು ಕಷ್ಟಪಟ್ಟು ಎತ್ತಿ ಬಾಗಿಲ ಕಡೆ ತೋರಿಸಿದ. ಬಾಗಿಲ ಪಕ್ಕದ ಮೊಳೆಗೆ ಅವಳ ಕಚೇರಿಯ ಗುರುತಿನ ಚೀಟಿ ನೀಲಿ ದಾರದಲ್ಲಿ ಜೋತುಬಿದ್ದಿತ್ತು, ಹನ್ನೊಂದು ತಿಂಗಳ ಧೂಳಿನ ಸಮೇತ.

"ಪೋ," ಎಂದ.

ಗುರುದೇವಿಗೆ ಮೊದಲು ಸಿಟ್ಟು ಬಂತು. "ಹೇಳೂದು ಸಸಾರ ಐತಿ. ನಾ ಹ್ವಾದ್ರ ನಿಮ್ಮನ್ನ ಯಾರ್ ನೋಡ್ಬೇಕ್ರಿ? ಆ ಹಂಪಮ್ಮಗ ನಿಮ್ಮ ಗುಳಿಗಿ ಹೆಸರ ಓದಾಕ ಬರ್ತೈತೇನು?"

"ಪೋ."

"ಬಿದ್ದರ?"

ಅವನು ಕಣ್ಣು ಮುಚ್ಚಿ ತೆರೆದ. ಅವನೂ ಸುಸ್ತಾಗಿದ್ದ. ನೋಡಿಸಿಕೊಳ್ಳುವವನಿಗೂ ಸುಸ್ತಾಗುತ್ತದೆ ಎಂಬುದು ಅವಳಿಗೆ ಈ ಹನ್ನೊಂದು ತಿಂಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಳು ಬಂದದ್ದು ಅವನ ಮೇಲಿನ ಕನಿಕರಕ್ಕಲ್ಲ. ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಕೆಳಗೆ ರಸ್ತೆಯಲ್ಲಿ ಕಚೇರಿಯ ಜನ ಸ್ಟೇಷನ್ನಿನ ಕಡೆ ಓಡುವಾಗ, ಅವಳಿಗೆ ಹೋಗಬೇಕು ಅನ್ನಿಸುತ್ತಿತ್ತು. ಬರೀ ಕಚೇರಿಗಲ್ಲ, ಎಲ್ಲಿಗಾದರೂ. ಆ ಪಾಪವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವನು ಅದನ್ನು ಕುರ್ಚಿಯಲ್ಲಿ ಕೂತೇ ಓದಿಬಿಟ್ಟಿದ್ದ.

ಭಾನುವಾರ ಅವಳು ರಾಜೀನಾಮೆ ಪತ್ರವನ್ನು ತಿರುವಿ ಹಾಕಿ, ಅದರ ಖಾಲಿ ಬೆನ್ನಿನ ಮೇಲೆ ಹಂಪಮ್ಮನಿಗಾಗಿ ಚಿತ್ರ ಬರೆದಳು. ಹುಟ್ಟುವ ಸೂರ್ಯನ ಕೆಳಗೆ ಬಿಳಿ ಗುಳಿಗೆ, ಊಟದ ತಾಟಿನ ಕೆಳಗೆ ಕೆಂಪು ಗುಳಿಗೆ, ಚಹದ ಕಪ್ಪಿನ ಕೆಳಗೆ ಅರ್ಧ ಗುಳಿಗೆ. ಹಂಪಮ್ಮ ಅದನ್ನು ಎರಡು ಸಲ ಬೆರಳಿಟ್ಟು ಒಪ್ಪಿಸಿದಳು. "ಇಷ್ಟಕ್ಕ ಸಾಲಿ ಕಲೀಬೇಕೇನ್ರಿ," ಎಂದಳು.

ಸೋಮವಾರ ಗುರುದೇವಿ ಚೀಟಿಯ ಧೂಳು ಒರೆಸಿ ಕೊರಳಿಗೆ ಹಾಕಿಕೊಂಡಳು. "ಬರ್ತೀನ್ರಿ," ಎಂದಳು. "ಪೋ," ಎಂದ ಅವನು. ಮುಂದೆ ಇನ್ನೇನೋ ಹೇಳಲು ಹೊರಟವನಂತೆ ಅವನ ತುಟಿ ತೆರೆದೇ ಇತ್ತು. ಆದರೆ ಲಿಫ್ಟ್ ಬಂದುಬಿಟ್ಟಿತು.

ಕಚೇರಿಯಲ್ಲಿ ಯಾರೂ ಹಾರ ಹಿಡಿದು ನಿಂತಿರಲಿಲ್ಲ. ಅವಳ ಕುರ್ಚಿಯನ್ನು ಬೇರೆ ಯಾರೋ ಎಳೆದುಕೊಂಡಿದ್ದರು. ಕಂಪ್ಯೂಟರಿನ ಪಾಸ್‌ವರ್ಡ್ ಮರೆತುಹೋಗಿತ್ತು. ಮಧ್ಯಾಹ್ನದವರೆಗೆ ಆರು ಸಲ ಮನೆಗೆ ಫೋನು ಮಾಡಿದಳು. ಏಳನೆಯ ಸಲ ಹಂಪಮ್ಮ, "ಅಕ್ಕಾರ, ನಿಮ್ಮ ಫೋನ್ ಎತ್ತೂದ್ರಾಗ ಸಾಹೇಬ್ರ ಗಂಜಿ ಆರಾಕತ್ತೈತಿ," ಎಂದು ಇಟ್ಟುಬಿಟ್ಟಳು. ಗುರುದೇವಿ ಫೋನನ್ನು ಚೀಲಕ್ಕೆ ಹಾಕಿ, ಎದುರಿಗಿದ್ದ ಫೈಲು ತೆರೆದಳು. ಸಂಜೆಯವರೆಗೂ ಓದಿದಳು.

ಮರಳುವಾಗ ಅಮೀರ್‌ಪೇಟೆಯಲ್ಲಿ ಮೆಟ್ರೊ ಬದಲಿಸಿ ಕೂರಲು ಜಾಗ ಸಿಕ್ಕಿತು. ಬೆಳಿಗ್ಗೆ ಚೀಲಕ್ಕೆ ತುರುಕಿಕೊಂಡಿದ್ದ ನೋಟ್‌ಬುಕ್ ತೆಗೆದಳು. ಜೋಡಿ ಒಗಟಿನ ಎರಡನೆಯದು ಮರೆತೇಹೋಗಿತ್ತು ಅವಳಿಗೆ. "ತೆಲುಗಿನವರು ಒಂದೇ ಅಕ್ಷರದಲ್ಲಿ ಮನೆಯೊಳಗೆ ಕರೆಯುವರು; ವೋಲ್ಗಾ ನದಿ ತನ್ನ ಎಳವೆಯಲ್ಲಿ ಅದಕ್ಕೇ ಓಗೊಡುತ್ತಿದ್ದಳು." ಕೆಳಗೆ ಅವನ ದುಂಡು ಅಕ್ಷರದಲ್ಲಿ ಉತ್ತರ: ರಾ. ತೆಲುಗಿನಲ್ಲಿ ಬಾ ಎಂದು, ವೋಲ್ಗಾದ ಹಳೆಯ ಹೆಸರೂ ಹೌದು. ಪಕ್ಕದಲ್ಲಿ ಪೆನ್ಸಿಲಿನಿಂದ, ಇದನ್ನು ಗುರುದೇವಿ ಒಂದು ಕ್ಷಣದಲ್ಲಿ ಬಿಡಿಸಿದಳು, ಎಂದೂ ಬರೆದುಕೊಂಡಿದ್ದ.

ಬಾಗಿಲು ತೆರೆದದ್ದು ಹಂಪಮ್ಮ. "ನಾಕು ಗಂಟೆಕ್ಕ ಕುರ್ಚಿ ಈ ಕಡೆ ತಿರುಗ್ಸಂತ ಕೈ ಮಾಡಿದ್ರಿ ಸಾಹೇಬ್ರು. ಅವಾಗಿಂದ ಹಿಂಗ ಕುಂತಾರ," ಎಂದಳು.

ಶಿವಪ್ರಕಾಶ ಬಾಗಿಲಿಗೆ ಎದುರಾಗಿ ಕೂತಿದ್ದ. ಅವಳನ್ನು ಕಂಡು ಅವನ ತುಟಿಯ ಎಡತುದಿ ಅಲುಗಿತು. ನಾಲಿಗೆ ಮೇಲಕ್ಕೆ ಮಡಚಲು ಹೋಗಿ ಜಾರಿತು, ಮತ್ತೆ ಹೋಯಿತು.

"ಒಳಗ ಬರ್ರಿ ಅಕ್ಕಾರ, ಹೊರಗ್ಯಾಕ ನಿಂತ್ರಿ," ಎಂದಳು ಹಂಪಮ್ಮ.

ಗುರುದೇವಿ ಬೆರಳು ತುಟಿಗಿಟ್ಟು ಅವಳನ್ನು ಸುಮ್ಮನಿರಿಸಿದಳು. ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ. ಹತ್ತು ಎಣಿಸಲೂ ಇಲ್ಲ. ಚಪ್ಪಲಿ ಬಿಡದೆ, ಚೀಲ ಇಳಿಸದೆ, ಹೊಸ್ತಿಲಿನ ಆಚೆಯೇ ನಿಂತು ಅವನ ಬಾಯಿಯನ್ನು ನೋಡುತ್ತಿದ್ದಳು.