ಹೂಕುಂಡದ ಕೆಳಗಿನ ಮುಚ್ಚಳ

"ಯಾರೂ ಒಳಗೆ ಹೋಗಬೇಡಿ" ಎಂದವಳೇ ಅವಳು ಬಚ್ಚಲಿನ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಎಳೆದು ಹಾಕಿ, ಅದರ ಮೇಲೆ ತಾನೇ ಕುಳಿತುಬಿಟ್ಟಳು. ನಡುಮನೆಯಲ್ಲಿ ಗಂಡನ ಹೆಣವಿತ್ತು. ಅದರ ತಲೆದೆಸೆಯಲ್ಲಿ ಕೂರಬೇಕಾದವಳು ಬಚ್ಚಲು ಕಾಯುತ್ತಿದ್ದಾಳಲ್ಲ ಎಂದು ಬಂದವರೆಲ್ಲ ಮುಖ ಮುಖ ನೋಡಿಕೊಂಡರು.

"ಒಂದೇ ನಿಮಿಷ ಕಣೇ. ಅಷ್ಟು ದೂರದಿಂದ ಬಸ್ಸಲ್ಲಿ ಬಂದಿದೀನಿ, ತಡೆಯೋಕಾಗ್ತಿಲ್ಲ" ಎಂದಳು ಗಂಡನ ಸೋದರತ್ತೆ.

"ಆಗಲ್ಲ ಅತ್ತೆ. ಒಳಗೆ ಉಕ್ತಾ ಇದೆ."

"ಹಾಗಾದ್ರೆ ಪಕ್ಕದಲ್ಲಿ ನಿನ್ನ ಭಾವನ ಮನೆಗೆ ಹೋಗ್ತೀನಿ."

"ಅಲ್ಲಿಗಂತೂ ಬೇಡ. ಅಲ್ಲಿ ನೀರು ಬಿಟ್ರೆ ಇಲ್ಲಿ ಮೇಲೆ ಬರತ್ತೆ. ಎದುರುಮನೆಯೋರ್ನ ಕೇಳಿ."

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಪ್ಪ ಕಟ್ಟಿಸಿದ ಒಂದು ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಅಣ್ಣತಮ್ಮಂದಿರಿಬ್ಬರು ಹಂಚಿಕೊಂಡಿದ್ದರು. ಗೋಡೆ ಭೂಮಿಯ ಮೇಲಷ್ಟೇ ಇತ್ತು. ಕೆಳಗೆ ಎರಡೂ ಮನೆಯ ಕಕ್ಕಸು, ಬಚ್ಚಲು ಒಂದೇ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತಿದ್ದವು. ಅಣ್ಣ ತನ್ನ ಪಾಲಿನ ನೆಲವನ್ನು ಎರಡಡಿ ಎತ್ತರಿಸಿಕೊಂಡ. ತಮ್ಮನದು, ಎಂದರೆ ಅವಳ ಗಂಡನದು, ಇದ್ದ ಹಾಗೇ ಇತ್ತು. ನೀರಿಗೆ ಅಣ್ಣ ತಮ್ಮ ಗೊತ್ತಿಲ್ಲ, ತಗ್ಗು ಗೊತ್ತು. ಟ್ಯಾಂಕು ತುಂಬಿದ ಮೇಲೆ ಅಣ್ಣನ ಮನೆಯವರು ಮಾಡಿದ್ದೆಲ್ಲ ತಮ್ಮನ ಬಚ್ಚಲಲ್ಲಿ ಬಂದು ನಿಲ್ಲುತ್ತಿತ್ತು. ತಿಂಗಳುಗಟ್ಟಲೆ ಅವಳು ಅದನ್ನು ಮಗ್ಗಿನಲ್ಲಿ ಬಾಚಿ ಬಕೆಟ್ಟಿಗೆ ತುಂಬಿದ್ದಳು. ಈ ದಿನ ಸಾವಿಗೆ ಬಂದ ಜನವೆಲ್ಲ ಬೆಳಗಿನಿಂದ ಅಣ್ಣನ ಚೆಂದದ ಬಚ್ಚಲನ್ನು ಬಳಸಿದ್ದರು. ಅವಳ ಬೆನ್ನ ಹಿಂದೆ ಈಗ ಗಂಡನ ಹವಾಯಿ ಚಪ್ಪಲಿ ಹೊಲಸು ನೀರಿನಲ್ಲಿ ತೇಲುತ್ತಿತ್ತು.

ಅಣ್ಣ ಬಂದ. ಇಸ್ತ್ರಿ ಮಾಡಿದ ಬಿಳಿ ಶರಟು, ಮೆಲುದನಿ.

"ಏನಮ್ಮ ಇದು, ಜನ ನೋಡ್ತಿದಾರೆ. ಇನ್ನೇನು ಗಾಡಿ ಬರತ್ತೆ. ಬಚ್ಚಲು ಹಿಂಗಿದ್ರೆ ಬಿಡು, ಬೀದಿ ನಲ್ಲಿ ಹತ್ರ ಬೆಂಚ್ ಹಾಕಿ ಎರಡು ಬಕೆಟ್ ನೀರು ಹುಯ್ದು ಸ್ನಾನ ಮಾಡಿಸಿದ್ರಾಯ್ತು."

"ಬೀದೀಲಾ?"

"ಸುತ್ತ ಬಟ್ಟೆ ಹಿಡಿಸೋಣ."

"ಸೈಕಲ್ ತೊಳೆದ ಹಾಗೆ ಅವರನ್ನ ಬೀದೀಲಿ ತೊಳೆಯೋದು ಬೇಡ ಭಾವ. ಅವರ ಬಚ್ಚಲಲ್ಲೇ ಸ್ನಾನ ಆಗ್ಬೇಕು. ಹೊಲಸು ಎಳೆಯೋ ಟ್ಯಾಂಕರಿನೋನಿಗೆ ಫೋನ್ ಮಾಡಿದೀನಿ."

ಅಣ್ಣನ ಮುಖ ಹುಳ್ಳಗಾಯಿತು. "ಇವತ್ತಾ?"

"ಇವತ್ತೇ."

*

ಸತ್ತವನ ನಿಜವಾದ ಹೆಸರು ಸರ್ಕಾರಿ ಕಾಗದಗಳಲ್ಲಷ್ಟೇ ಉಳಿದಿತ್ತು. ಬೀದಿಗೆಲ್ಲ ಅವನು ಆಯ್ತಣ್ಣ. ಅಣ್ಣ ಏನು ಹೇಳಿದರೂ "ಆಯ್ತಣ್ಣ" ಎನ್ನುವುದನ್ನು ಕೇಳಿ ಕೇಳಿ, ಅವನ ಸೈಕಲ್ ಶಾಪಿಗೆ ಗಾಳಿ ಹಾಕಿಸಲು ಬರುವವರು ಇಟ್ಟ ಹೆಸರು. ಅಂಗಳ ನನಗಿರಲಿ ಎಂದರೆ ಆಯ್ತಣ್ಣ. ಗೋಡೆ ಒಂದು ಗೇಣು ನಿನ್ನ ಕಡೆಗೆ ಬರಲಿ ಎಂದರೆ ಆಯ್ತಣ್ಣ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎನ್ನುವ ಗಾದೆ ಇವರ ಮಟ್ಟಿಗೆ ಅರ್ಧ ಮಾತ್ರ ನಿಜ. ಬೆಳೆದು ದಾಯಾದಿಯಾದವನು ಒಬ್ಬನೇ.

ಕಾರು ಕೊಂಡ ವರ್ಷ ಅಣ್ಣ ಅಂಗಳದಲ್ಲಿ ಪೋರ್ಟಿಕೊ ಕಟ್ಟಿಸಿ ಟೈಲ್ಸ್ ಹಾಕಿಸಲು ಹೊರಟ. ಟ್ಯಾಂಕಿನ ಮುಚ್ಚಳ ಇದ್ದದ್ದು ಅದೇ ಅಂಗಳದಲ್ಲಿ.

"ಮುಚ್ಚಳದ ಮೇಲೆ ಟೈಲ್ಸ್ ಬಂದ್ರೆ ಆಮೇಲೆ ಟ್ಯಾಂಕ್ ಖಾಲಿ ಮಾಡ್ಸೋದು ಹೇಗಣ್ಣ? ಅಷ್ಟು ಜಾಗ ಬಿಟ್ಬಿಡು" ಎಂದಿದ್ದ ತಮ್ಮ.

"ಕಾರಿನ ಪಕ್ಕ ಕಕ್ಕಸಿನ ಮುಚ್ಚಳ ಕಾಣ್ಬೇಕೇನೋ? ತುಂಬಿದಾಗ ನೋಡ್ಕೊಳ್ಳೋಣ. ಆಗ ಹೇಳ್ತೀನಿ, ಒಡೆಸಿದ್ರಾಯ್ತು."

"ಆಯ್ತಣ್ಣ."

ಟೈಲ್ಸ್ ಹಾಕುವ ಹೊತ್ತಿಗೆ ಅಣ್ಣನ ಸಂಸಾರ ಯಾರದೋ ಮದುವೆಗೆ ಹೋಯಿತು. ಕೆಲಸ ನೋಡಿಕೊಳ್ಳುವುದು ತಮ್ಮನ ಪಾಲಿಗೆ ಬಂತು. ಶಾಪಿಗೆ ಬೀಗ ಹಾಕಿ ಅವನು ಮೇಸ್ತ್ರಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತ. ಅವರು ವಾಪಸು ಬಂದಾಗ ಪೋರ್ಟಿಕೊ ಫಳಫಳ ಹೊಳೆಯುತ್ತಿತ್ತು. ಗೋಡೆಯ ಪಕ್ಕದಲ್ಲೊಂದು ದಪ್ಪ ಸಿಮೆಂಟಿನ ಹೂಕುಂಡವೂ ಇತ್ತು.

"ಇದ್ಯಾಕೆ?" ಎಂದಳು ಅಣ್ಣನ ಹೆಂಡತಿ.

"ಕಾರು ಗೋಡೆಗೆ ತಾಗದೇ ಇರ್ಲಿ ಅಂತ ಅತ್ತಿಗೆ. ಗಿಡಕ್ಕೆ ನೀರು ನಾನೇ ಹಾಕ್ತೀನಿ."

ಹಾಕಿದ. ಸಾಯುವ ದಿನ ಬೆಳಗ್ಗೆಯೂ ಹಾಕಿದ್ದ. "ಅಣ್ಣನ ಗಿಡಕ್ಕೆ ಒಳ್ಳೆ ನೀರು, ನಮ್ಮ ಬಚ್ಚಲಿಗೆ ಅವರ ಹೊಲಸು ನೀರು. ಚೆನ್ನಾಗಿದೆ ನಿಮ್ಮ ನ್ಯಾಯ" ಎಂದು ಹೆಂಡತಿ ಕುಟುಕಿದರೆ, ಅವನು ನಕ್ಕು ನೀರಿನ ಚೊಂಬನ್ನು ತೊಳೆದಿಡುತ್ತಿದ್ದ.

*

ಟ್ಯಾಂಕರು ಗೇಟಿನ ಮುಂದೆ ನಿಂತಿತು. ಹೂ ಹಿಡಿದು ಬರುತ್ತಿದ್ದವರು ಮೂಗು ಹಿಡಿದುಕೊಂಡು ಪಕ್ಕಕ್ಕೆ ಸರಿದರು. ಟ್ಯಾಂಕರಿನವನು ಮೊದಲು ಒಳಗೆ ಹೋಗಿ ಹೆಣದ ಮುಂದೆ ಒಂದು ಗಳಿಗೆ ನಿಂತು, ಹೊರಗೆ ಬಂದ ಮೇಲೆ ಕೇಳಿದ.

"ಮುಚ್ಚಳ ಎಲ್ಲಕ್ಕ? ಅದನ್ನ ತೆಗೀದೆ ಪೈಪ್ ಬಿಡೋಕಾಗಲ್ಲ."

ಅವಳು ಕೈ ತೋರಿಸಿದಳು. "ಆ ಕುಂಡದ ಆಸುಪಾಸಲ್ಲೇ."

"ಅಯ್ಯೋ, ಈ ಟೈಲ್ಸ್ ಈಗ ಬರೋದೇ ಇಲ್ಲ" ಎಂದು ಅಣ್ಣನ ಹೆಂಡತಿ ಓಡಿ ಬಂದಳು. "ಒಂದು ಒಡೆದ್ರೂ ಜೋಡಿ ಸಿಗಲ್ಲ."

"ನಮ್ಮಪ್ಪನಿಗೂ ಜೋಡಿ ಸಿಗಲ್ಲ ದೊಡ್ಡಮ್ಮ" ಎಂದಳು ಮಗಳು. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು.

ಅಣ್ಣ ನಡುವೆ ಬಂದ. "ಇದಕ್ಕೆ ಆಗ್ಲೇ ದಾರಿ ಹೇಳಿದ್ದೆ. ಹಿಂದ್ಗಡೆಯಿಂದ ಟ್ಯಾಂಕಿಗೊಂದು ತೂತು ಹೊಡೆಸಿ ಯಾರನ್ನಾದ್ರೂ ಇಳಿಸಿದ್ರೆ ಬಾಚಿ ಹಾಕ್ತಾರೆ ಅಂತ. ಅವನೇ ಕೇಳಲಿಲ್ಲ."

"ಮನುಷ್ಯನ್ನ ಇಳಿಸಿದ್ರೆ ಜೈಲು, ಯಜಮಾನ್ರೆ" ಎಂದ ಟ್ಯಾಂಕರಿನವನು.

"ಜೈಲಿಗೆ ಹೆದರಿ ಅಲ್ಲ" ಎಂದಳು ಆಯ್ತಣ್ಣನ ಹೆಂಡತಿ. "ಮನುಷ್ಯರನ್ನ ಅದರೊಳಗೆ ಇಳಿಸಲ್ಲಣ್ಣ ಅಂದ್ರು. ನಿಮಗೆ ಅವರು ಇಲ್ಲ ಅಂದಿದ್ದು ಅದೊಂದೇ ಸಲ. ಅದನ್ನೂ ಇವತ್ತು ತಪ್ಪು ಅಂತ ಎತ್ತಿ ಆಡ್ತಿದೀರಿ."

*

ಪುರಸಭೆ ಆಫೀಸಿನವರು ಹೊಸ ನಿಯಮ ತಂದಿದ್ದರು. ಮೂರು ವರ್ಷಕ್ಕೊಮ್ಮೆ ಟ್ಯಾಂಕು ಖಾಲಿ ಮಾಡಿಸಿ ರಸೀದಿ ತೋರಿಸಬೇಕು. ಮುಚ್ಚಳ ಕಣ್ಣಿಗೆ ಕಾಣುವಂತಿರಬೇಕು. ನಿಯಮವೇನೋ ಒಳ್ಳೆಯದೇ. ಆದರೆ ನಿಯಮ ಹಿಡಿದುಕೊಂಡು ಬಂದವನು ಎದುರಿಗಿದ್ದ ಎರಡು ಬಾಗಿಲಲ್ಲಿ ಯಾವುದು ಮೆತ್ತಗಿದೆಯೆಂದು ನೋಡಿಕೊಂಡು ತಟ್ಟುತ್ತಾನೆ.

ಇನ್ಸ್‌ಪೆಕ್ಟರು ಮೊದಲು ಅಣ್ಣನನ್ನೇ ಕೇಳಿದ. ಅಣ್ಣ ಕಾರಿನಿಂದ ಇಳಿಯಲಿಲ್ಲ. "ಟ್ಯಾಂಕ್ ವಿಚಾರ ತಮ್ಮನ್ನ ಕೇಳಿ. ಉಕ್ಕೋದು ಅವನ ಬಚ್ಚಲಲ್ಲಿ" ಎಂದು ಹೊರಟುಹೋದ. ಇನ್ಸ್‌ಪೆಕ್ಟರು ಹಾಗೆಯೇ ಬರೆದುಕೊಂಡು ತಮ್ಮನ ಬಾಗಿಲಿಗೆ ನೋಟೀಸು ಅಂಟಿಸಿದ.

"ಮುಚ್ಚಳ ಎಲ್ರೀ?"

ಆಯ್ತಣ್ಣ ಚೊಂಬು ಹಿಡಿದು ಹೂಕುಂಡದ ಪಕ್ಕದಲ್ಲೇ ನಿಂತಿದ್ದ. "ಹುಡುಕ್ತಾ ಇದೀನಿ ಸಾರ್. ಸ್ವಲ್ಪ ಟೈಮ್ ಕೊಡಿ."

ಕಿಟಕಿಯಿಂದ ನೋಡುತ್ತಿದ್ದ ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು. ಅವನು ಒಳಗೆ ಬರುವುದನ್ನೇ ಕಾದಿದ್ದು ಹರಿಹಾಯ್ದಳು.

"ಕಾಲ ಬುಡದಲ್ಲೇ ಇದೆ ಅಂತ ಹೇಳೋಕೆ ನಿಮಗೆ ಬಾಯಿರ್ಲಿಲ್ವಾ?"

"ಅಣ್ಣನ ಅಂಗಳ. ಅವನು ಹೇಳ್ಬೇಕು."

"ಅವರು ಹೇಳಲ್ಲ."

"ಹೇಳ್ತಾನೆ. ಆಗ ಹೇಳ್ತೀನಿ ಅಂದಿದ್ನಲ್ಲ. ಒಂದಿನ ಅವನೇ ಬಂದು, ತೆಗಿಯೋ ತಮ್ಮ, ಅಂತಾನೆ. ನೋಡ್ತಿರು."

ಅವಳು ನೋಡುತ್ತಲೇ ಇದ್ದಳು. ಅವನು ಟೈಮು ಕೇಳಲು ಆಫೀಸಿಗೆ ಅಲೆಯುತ್ತಲೇ ಇದ್ದ. ನಿನ್ನೆಯೂ ಹೋಗಿ ಅಲ್ಲಿನ ಬೆಂಚಿನ ಮೇಲೆ ಕುಳಿತ. ಗುಮಾಸ್ತ ಕೂಗಿದಾಗ ಏಳಲಿಲ್ಲ. ತೂಕಡಿಸುತ್ತಿದ್ದಾನೆಂದು ಪಕ್ಕದವರು ಸುಮ್ಮನಾದರು. ಊಟದ ಹೊತ್ತಿಗೆ ಕೌಂಟರು ಮುಚ್ಚಿ ಮತ್ತೆ ತೆರೆದಾಗಲೂ ಅವನು ಅದೇ ಭಂಗಿಯಲ್ಲಿದ್ದ. "ಪಾಪ, ಒಂಚೂರೂ ಗಲಾಟೆ ಮಾಡ್ಲಿಲ್ಲ" ಎಂದು ಗುಮಾಸ್ತ ಮಗಳಿಗೆ ಹೇಳಿದ. ಸತ್ತವನಿಗೊಂದು ಒಳ್ಳೆಯ ನಡತೆಯ ಸರ್ಟಿಫಿಕೇಟು.

*

ಅವಳು ಟ್ಯಾಂಕರಿನವನ ಕೈಯಿಂದ ಹಾರೆ ತೆಗೆದುಕೊಂಡಳು. ಅಣ್ಣ ಅಡ್ಡ ನಿಂತ.

"ಈ ಮನೆಗೆ ಹಿರಿಯ ನಾನು. ಬೇಡ ಅಂತಿದೀನಿ."

"ನೀವು ಹೇಳಿದ್ದಕ್ಕೆಲ್ಲ ಆಯ್ತು ಅನ್ನೋರು ಒಳಗೆ ಮಲಗಿದಾರೆ. ಹೋಗಿ ಅವರಿಗೆ ಹೇಳಿ."

ಅಣ್ಣ ಸುತ್ತ ನೋಡಿದ. ಯಾರೂ ಅವನ ಪರ ಬರಲಿಲ್ಲ. ಅವನು ಸರಿದು ನಿಂತ.

ಮಗಳೂ ಟ್ಯಾಂಕರಿನವನೂ ಸೇರಿ ಕುಂಡವನ್ನು ಓರೆ ಮಾಡಿ ಉರುಳಿಸಿದರು. ಅವಳು ಸೆರಗು ಸಿಕ್ಕಿಸಿ ಹಾರೆ ಎತ್ತಿದಳು. ಬಾಚಿದ ಬಕೆಟ್ಟುಗಳು, ಅಂಟಿಸಿದ ನೋಟೀಸು, ಆಫೀಸಿನ ಬೆಂಚು ಎಲ್ಲವನ್ನೂ ಸೇರಿಸಿ ಕುಂಡ ಕೂತಿದ್ದ ಟೈಲಿನ ಅಂಚಿಗೆ ಕುಟ್ಟಿದಳು. ಒಡೆಯಬೇಕಿದ್ದ ಟೈಲು ಒಡೆಯಲಿಲ್ಲ. ಅಲುಗಿತು.

"ಅಮ್ಮ, ತಾಳು" ಎಂದಳು ಮಗಳು.

ಹಾರೆಯ ತುದಿಯನ್ನು ಸಂದಿಗೆ ಕೊಟ್ಟು ಮೀಟಿದರೆ ಇಡೀ ಟೈಲು ಮೇಲೆದ್ದಿತು. ಕೆಳಗೆ ಸಿಮೆಂಟಿರಲಿಲ್ಲ. ಜರಡಿ ಹಿಡಿದ ಮರಳಿತ್ತು. ಅವಳು ಮಂಡಿಯೂರಿ ಎರಡೂ ಕೈಯಿಂದ ಮರಳು ಬಳಿದಳು. ಮುಚ್ಚಳ ಸಿಕ್ಕಿತು, ಅದರ ಕಬ್ಬಿಣದ ಬಳೆಯೂ ಸಿಕ್ಕಿತು. ಬಳೆಗೆ ಸೈಕಲ್ಲಿನ ಹಳೆಯ ಟ್ಯೂಬನ್ನು ಒತ್ತೊತ್ತಾಗಿ ಸುತ್ತಲಾಗಿತ್ತು. ಆ ಸುತ್ತುವ ರೀತಿ ಅವಳಿಗೆ ಗೊತ್ತಿತ್ತು. ಅವಳ ಮನೆಯ ಬಕೆಟ್ಟಿನ ಹಿಡಿಗಳೆಲ್ಲ ಹಾಗೆಯೇ ಇದ್ದವು. ಸುತ್ತು ಬಿಚ್ಚಿದಳು. ಬಳೆಯ ತುಂಬ ಕಪ್ಪು ಗ್ರೀಸು.

ಟ್ಯಾಂಕರಿನವನು ಬೆರಳಲ್ಲಿ ಮುಟ್ಟಿ ನೋಡಿದ. "ಇದು ಹಳೇದಲ್ಲಕ್ಕ. ಇತ್ತೀಚೆಗೆ ಹಚ್ಚಿದ್ದು."

ಅಣ್ಣನ ಸಂಸಾರ ಊರಿಗೆ ಹೋದಾಗಲೆಲ್ಲ ಗೇಟಿನ ಕೀಲಿಕೈ ತಮ್ಮನ ಹತ್ತಿರ ಇರುತ್ತಿತ್ತು, ಗಿಡಕ್ಕೆ ನೀರು ಹಾಕಲೆಂದು. ಕುಂಡ ಸರಿಸಿ, ಟೈಲು ಎತ್ತಿ, ಬಳೆ ತುಕ್ಕು ಹಿಡಿಯದಂತೆ ಗ್ರೀಸು ಹಚ್ಚಿ, ಮತ್ತೆ ಮೊದಲಿನಂತೆ ಮುಚ್ಚಿಟ್ಟಿದ್ದ. ಒಂದು ಮಾತು ಬಂದ ದಿನ ಅಣ್ಣನ ಒಂದು ಟೈಲೂ ಒಡೆಯಬಾರದೆಂದು.

ಅಷ್ಟು ಹೊತ್ತು ಅವಳ ಸಿಟ್ಟಿಗೆ ಒಂದು ದಿಕ್ಕಿತ್ತು. ಈಗ ಅದು ತಿರುಗಿ ನಡುಮನೆಯ ಕಡೆಗೆ ಹೋಯಿತು.

"ಎಂಥ ಮನುಷ್ಯರೀ ನೀವು" ಎಂದಳು, ಒಳಗೆ ಮಲಗಿದ್ದವನಿಗೆ ಕೇಳಿಸಬೇಕು ಎನ್ನುವಷ್ಟು ಗಟ್ಟಿಯಾಗಿ. "ಇಷ್ಟು ಸುಲಭವಾಗಿ ತೆಗೆಯೋ ಹಾಗಿಟ್ಕೊಂಡು ನನ್ನ ಕೈಲಿ ಹೇಲು ಬಾಚಿಸಿದ್ರಲ್ಲ. ನನಗೊಂದು ಮಾತು ಹೇಳಿದ್ರೆ ನಾನೇ ಎತ್ತಿರ್ತಿದ್ದೆ."

ಹಾರೆಯನ್ನು ಬೀಸಿ ಒಗೆದಳು. ಅದು ಪಕ್ಕದ ಟೈಲಿನ ಮೇಲೆ ಬಿದ್ದು ಟೈಲು ಉದ್ದಕ್ಕೂ ಬಿರಿಯಿತು. ಅಣ್ಣನ ಹೆಂಡತಿ ಬಗ್ಗಿ ಬಿರುಕನ್ನು ಸವರಿ ನೋಡಿದಳು.

"ಭಾವ, ಬನ್ನಿ. ನೀವೇ ಎತ್ತಿ."

"ನಾನಾ?"

"ತೆಗಿಯೋ ಅಂತ ನೀವು ಒಂದು ಮಾತು ಹೇಳ್ಲಿ ಅಂತ ಕಾದ್ರು. ಅದಂತೂ ನಿಮ್ಮ ಬಾಯಲ್ಲಿ ಬರ್ಲಿಲ್ಲ. ಕೈನಾದ್ರೂ ಹಾಕಿ."

ಅಣ್ಣ ಬಗ್ಗಿದ. ಬಳೆಯೊಳಗೆ ನಾಲ್ಕು ಬೆರಳು ತೂರಿಸಿ ಎಳೆದ. ಪಾತ್ರೆಯ ಮೇಲಿನ ತಟ್ಟೆ ತೆಗೆದಷ್ಟು ಸಲೀಸಾಗಿ ಮುಚ್ಚಳ ಮೇಲೆ ಬಂತು. ಪೋರ್ಟಿಕೊ ತುಂಬ ನಾತ ಹರಡಿತು.

ಟ್ಯಾಂಕರು ಗುಡುಗುಟ್ಟಿ ಹೀರತೊಡಗಿತು. ಬಚ್ಚಲಿನ ನೀರು ಗೊಳಕ್ಕೆಂದು ಇಳಿಯಿತು. ಮಗಳು ನೆಲ ಉಜ್ಜಿ ಉಜ್ಜಿ ತೊಳೆದಳು. ಆಯ್ತಣ್ಣನಿಗೆ ಅವನ ಬಚ್ಚಲಿನಲ್ಲೇ ಬಿಸಿನೀರಿನ ಸ್ನಾನವಾಯಿತು. ಹುಯ್ದ ನೀರೆಲ್ಲ ನಿಲ್ಲದೆ ಹೋಯಿತು.

ಅಷ್ಟು ಹೊತ್ತೂ ಅಣ್ಣ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ. ಸೈಕಲ್ ಗ್ರೀಸು ಸೋಪಿಗೆ ಬಗ್ಗುವುದಿಲ್ಲ, ಸೀಮೆಎಣ್ಣೆ ಬೇಕು. ಸೀಮೆಎಣ್ಣೆಯ ಡಬ್ಬಿ ತಮ್ಮನ ಶಾಪಿನಲ್ಲಿತ್ತು. ಶಾಪು ಮುಚ್ಚಿತ್ತು.

ಗಾಡಿ ಬಂತು. ಬಿಳಿ ಬಟ್ಟೆ ಹೊದಿಸಿದ ಹೆಣಕ್ಕೆ ನಾಲ್ವರು ಕೈ ಕೊಟ್ಟರು. ತಲೆಯ ಕಡೆ ಅಣ್ಣ. ಗಾಡಿಯೊಳಗೆ ಇಳಿಸಿ ಅವನು ಕೈ ತೆಗೆದಾಗ, ಹೆಗಲ ಹತ್ತಿರ ಬಟ್ಟೆಯ ಮೇಲೆ ನಾಲ್ಕು ಕಪ್ಪು ಬೆರಳು ಮೂಡಿದ್ದವು.

ಅಣ್ಣನ ಹೆಂಡತಿ ಗಡಿಬಿಡಿಯಿಂದ ಒಂದು ಹಿಡಿ ಹೂ ತೆಗೆದು ಅದರ ಮೇಲೆ ಹಾಕಹೋದಳು. ಆಯ್ತಣ್ಣನ ಹೆಂಡತಿ ಆ ಕೈ ಹಿಡಿದು ನಿಲ್ಲಿಸಿದಳು.

"ಇರ್ಲಿ ಬಿಡಿ ಅಕ್ಕ. ಮುಚ್ಚಬೇಡಿ."

ಗಾಡಿಯ ಹಿಂಬಾಗಿಲು ತೆರೆದೇ ಇತ್ತು. ಬೀದಿ ದಾಟುವವರೆಗೂ ಆ ನಾಲ್ಕು ಬೆರಳು ಎಲ್ಲರಿಗೂ ಕಾಣುತ್ತಿದ್ದವು.