ಬಾಗಿಲು ಬಿಡದ ಬೆನ್ನು

ಬೂದು ಬೆನ್ನೊಂದು ಬಿಲದ ಬಾಯಿಗೆ ಬಿರಡೆ ಹಾಕಿದಂತೆ ಕೂತಿದೆ, ಅಗುಳಿ ಹಾಕಿದ ಬಾಗಿಲಿನ ಬಿರುಕಿನಿಂದ ಹಲ್ಲೂಮಳಿಗೆ ಕಾಣುವುದು ಅಷ್ಟೇ, ಹೊಸ್ತಿಲಾಚೆಯ ಗಟ್ಟಿ ಮಣ್ಣು, ಬೆರಳು ತೂರುವಷ್ಟು ತೂತು, ತೂತಿನ ತುಂಬ ಹದಿನಾಲ್ಕು ಕಾಲಿನ ಆ ಹುಳುವಿನ ಬೆನ್ನು — ಗಂಡ ಮೇಯಲು ಹೋದರೆ ಹೆಂಡತಿ ಬಾಗಿಲಲ್ಲಿ, ಹೆಂಡತಿ ಹೋದರೆ ಗಂಡ, ಕೆಳಗೆ ತೇವದಲ್ಲಿ ಮರಿಗಳು, ಮೀನಿನ ಹಾಗೆ ಒದ್ದೆ ಕಿವಿರಲ್ಲಿ ಉಸಿರಾಡುವ ಜೀವವನ್ನು ತಂದು ಈ ಮರಳುಗಾಡಲ್ಲಿ ಇಟ್ಟನಲ್ಲ ದೇವರು, ಅವನಿಗೇ ಸ್ತುತಿ, ನಮ್ಮನ್ನೂ ಹಾಗೇ ಇಟ್ಟ, ನೆಲ ಕೊರೆದು ಗುಂಡಿಯಲ್ಲಿ ಮನೆ ಮಾಡಿಕೊಳ್ಳಿರೆಂದು. ಸಾಸಿಯ ಇನ್ನೂ ಬಂದಿಲ್ಲ, ಬೆಳಿಗ್ಗೆಯೇ ಮೇಲಿನ ಕೇರಿಗೆ ಹೋದಳು, ಸತ್ತ ಮುದುಕಿಯ ಮೈ ತೊಳೆಯಲು, ಅಪ್ಪನ ಕೆಲಸ ಮಗಳ ಕೈಗೆ ಬಂತು, ಇದೇ ಮೊದಲು, ಹೊರಡುವಾಗ ಕೇಳಿದಳು, ಯಮ್ಮಾ, ಅಪ್ಪನ್ನ ತೊಳ್ದೋರು ಯಾರು, ಹಲ್ಲೂಮ ರೊಟ್ಟಿ ತಟ್ಟುತ್ತಿದ್ದಳು, ಊರೋರು, ಅಂದಳು, ಊರೋರು ಅಂದ್ರೆ ಯಾರು, ಹೋಗೇ ಹೊತ್ತಾಯ್ತು, ಸತ್ತೋಳೇನು ಎದ್ದು ಓಡಿಹೋಗ್ತಾಳಾ, ನಗುತ್ತಲೇ ಹೋದಳು — ಚಿಕ್ಕಂದಿನಲ್ಲಿ ಹಲ್ಲೂಮ ಇಂಥದೇ ಒಂದು ಮರಿಯನ್ನು ಅಂಗೈಯಲ್ಲಿ ಆಡಿಸಿ ಅದರ ಬಿಲಕ್ಕೇ ಬಿಟ್ಟಿದ್ದಳು, ಬಾಗಿಲಲ್ಲಿದ್ದ ತಾಯಿ ಮೀಸೆಯಲ್ಲಿ ಸವರಿ ನೋಡಿತು, ಮನೆಯ ವಾಸನೆ ಸಿಗಲಿಲ್ಲ, ಹೊಟ್ಟೆಯಡಿಯ ನೀರಚೀಲದಲ್ಲಿ ಹೊತ್ತ ಮರಿ, ಅದನ್ನೇ ಕಡಿದು ಹಾಕಿತು, ಅಜ್ಜಿ ತಲೆಗೆ ಮೊಟಕಿದಳು, ಅಯ್ಯೋ ಪಾಪಿ, ನಿನ್ ಕೈ ವಾಸ್ನೆ ಹತ್ತಿಸ್ದೆಯಲ್ಲೇ.

ಕರ್ಪೂರದ ವಾಸನೆ, ಹೆಣ ತೊಳೆಯುವ ನೀರಿಗೆ ಹಾಕುವ ಕರ್ಪೂರ, ವಾಂತಿಭೇದಿ ಊರೂರು ಬಳಿದ ವರ್ಷ ದಹ್ಮಾನ್ ಹನ್ನೊಂದು ದಿನ ಪರವೂರ ಹೆಣಗಳನ್ನು ತೊಳೆದು ಬಂದ, ಬಾಗಿಲು ತಟ್ಟಿದ, ಚಿಕ್ಕಪ್ಪನ ಮಗಳೇ, ಇಲ್ಲಿ ಹೆಂಡತಿಯನ್ನು ಕರೆಯುವುದೇ ಹಾಗೆ, ನಾನು ಕಣೇ, ದನಿ ಗಂಡನದೇ, ವಾಸನೆ ಅವನದಲ್ಲ, ತೊಟ್ಟಿಲಲ್ಲಿ ನಲವತ್ತು ದಿನದ ಸಾಸಿಯ, ಹಲ್ಲೂಮ ಅಗುಳಿ ತೆಗೆಯಲಿಲ್ಲ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು, ಅವನು ನಕ್ಕ, ಮದ್ವೆ ದಿನಾನೂ ಹಿಂಗೇ ಕಾಯಿಸಿದ್ದೆ, ಇರ್ಲಿ ಬಿಡು, ಮಗು ಹಾಲು ಕುಡೀತಾ, ಅಡಿಯ ಸಂದಿನಿಂದ ರೊಟ್ಟಿ ತಳ್ಳಿದಳು, ಬಟ್ಟಲಲ್ಲಿ ನೀರು ತಳ್ಳಿದಳು, ಮರುದಿನ ತಟ್ಟುವ ಸದ್ದು ಕೆಳಗಿಳಿದಿತ್ತು, ನಿಂತವನ ಗೆಣ್ಣಲ್ಲ, ಬಿದ್ದವನ ಅಂಗೈ, ಅವಳ ಬೆನ್ನಿಗೇ ತಾಗುವಷ್ಟು ಕೆಳಗೆ, ಅವಳು ಒಳಗಿನಿಂದಲೇ ಸಾಯುವವರ ಕಿವಿಗೆ ಹೇಳುವ ಪಠಣ ಹಿಡಿದಳು, ಒಂದು ಸಾಲು ಅವಳು, ಅದೇ ಸಾಲು ಅವನು, ಒಂದು ಸಾಲು ಅವಳು, ಅರ್ಧ ಸಾಲು ಅವನು, ಒಂದು ಸಾಲು ಅವಳು, ಇನ್ನೊಂದು ಸಾಲೂ ಅವಳೇ. ತೊಳೆಯುವವನನ್ನು ತೊಳೆಯಲು ಯಾರೂ ಬರಲಿಲ್ಲ, ಸುಣ್ಣ ಸುರಿದು ಹೂಳಿದರು, ಮಗು ಉಳಿಯಿತು, ಉಳಿದ ಮಗುವಿಗೆ ಏನು ಹೇಳುವುದು, ಪರವೂರಲ್ಲೇ ತೀರಿಕೊಂಡ ಎಂದಳು, ಇಪ್ಪತ್ತಾರು ವರ್ಷ ಅದನ್ನೇ ಹೇಳಿದಳು — ಹೆಜ್ಜೆ ಸದ್ದು, ಬಿರುಕಿನಿಂದ ಮೊದಲು ಒಳಗೆ ಬಂದದ್ದು ಕರ್ಪೂರ, ಯಮ್ಮಾ, ನಾನೇ, ತೆಗಿ, ಗೆಣ್ಣಿನ ಸದ್ದು, ಈಗ ಯಾವ ರೋಗವೂ ಇಲ್ಲ, ಮುದುಕಿ ಸತ್ತದ್ದು ಮುಪ್ಪಿನಿಂದ, ಹಲ್ಲೂಮಳಿಗೆ ಗೊತ್ತು, ಗೊತ್ತಿದ್ದೂ ಯಾವಾಗ ತಿರುಗಿ ಕೂತಳೋ, ಕೈ ಅಗುಳಿಯ ಮೇಲಿದೆ, ಬೆನ್ನು ಬಾಗಿಲು ಬಿಡುತ್ತಿಲ್ಲ, ನಿದ್ದೆ ಬಂತಾ ಯಮ್ಮಾ, ಕಾಲು ಸೋತಿದೆ ಕಣಮ್ಮ, ಆಗ್ಲಿ, ಇಲ್ಲೇ ಕೂತಿರ್ತೀನಿ, ಬಟ್ಟೆ ಸರಿದ ಸದ್ದು, ಹೊಸ್ತಿಲ ಮೇಲೆ ಮೈ ಇಳಿದ ಸದ್ದು, ಆಮೇಲೆ ಬಾಗಿಲಲ್ಲಿ, ಕೆಳಗೆ, ಅವಳ ಬೆನ್ನಿಗೇ ತಾಗುವಷ್ಟು ಕೆಳಗೆ, ಅಂಗೈ, ಅಂಗೈ