ಐದು ಮೀಟರ್ ವೈರು ಮತ್ತು ನಾನು

ಒಂದು ಪ್ಯಾಂಟಿನ ಉದ್ದ ಕಡಿಮೆ ಮಾಡಿ ಹೊಲಿದುಕೊಟ್ಟರೆ ಎಷ್ಟು ಸಿಗುತ್ತದೋ ಅದೇ ನನ್ನ ಲೆಕ್ಕದ ನಾಣ್ಯ. ಆ ಲೆಕ್ಕದಲ್ಲಿ ಕಾರಿಗೆ ಮನೆಯಲ್ಲಿ ಹಾಕಿಸುವ ಚಿಕ್ಕ ಚಾರ್ಜರಿಗೆ ಇನ್ನೂರ ನಲವತ್ತು ಪ್ಯಾಂಟು, ದೊಡ್ಡದಕ್ಕೆ ನಾನೂರ ಐವತ್ತು. ಮೀಟರ್ ಬೋರ್ಡಿನಿಂದ ಬರುವ ದಪ್ಪ ವೈರು, ಬೇರೆ ಸ್ವಿಚ್ಚು, ಅರ್ಥಿಂಗ್, ಇವಕ್ಕೆಲ್ಲ ಮತ್ತೈವತ್ತು. ಯಾವ ಚಾರ್ಜರ್ ತಗೊಂಡರೂ ಇದು ತಪ್ಪಿದ್ದಲ್ಲ. ಚಾರ್ಜರಿನಿಂದ ಕಾರಿಗೆ ಚುಚ್ಚುವ ವೈರು ಐದು ಮೀಟರಿನದಾದರೆ ಅದೇ ಬೆಲೆಯಲ್ಲಿ ಬರುತ್ತದೆ. ಹತ್ತು ಮೀಟರ್ ಬೇಕೆಂದರೆ ಅರವತ್ತು ಪ್ಯಾಂಟು ಮೇಲೆ.

ದೊಡ್ಡದೋ ಚಿಕ್ಕದೋ ಎಂಬ ಚರ್ಚೆ ಒಂದು ಊಟದ ಹೊತ್ತಿಗೆ ಮುಗಿಯಿತು. ನಮ್ಮವರು ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಸುಮ್ಮನೆ ಕೂತರೆ ಮೈಯೆಲ್ಲ ನೋಯುತ್ತದೆ ಎಂದು ಕಾರು ಇಟ್ಟುಕೊಂಡು ವಯಸ್ಸಾದವರನ್ನು ಆಸ್ಪತ್ರೆಗೆ, ಬ್ಯಾಂಕಿಗೆ ಕರೆದುಕೊಂಡು ಹೋಗಿ ಬರುತ್ತಾರೆ. ಹಳೇ ಪೆಟ್ರೋಲ್ ಕಾರು ಮಾರಿ ಈ ಕರೆಂಟಿನ ಕಾರು ತಂದಿದ್ದರು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಎಲ್ಲದಕ್ಕೂ ಡೋಸು ನೋಡುವುದು ಅವಳ ಅಭ್ಯಾಸ.

"ಅಪ್ಪ, ನೀವು ಓಡಾಡೋದು ಊರೊಳಗೆ. ರಾತ್ರಿಯೆಲ್ಲ ಕಾರು ಮಲಗಿರುತ್ತೆ. ಚಿಕ್ಕದು ಹಾಕಿದ್ರೂ ಬೆಳಿಗ್ಗೆ ಹೊತ್ತಿಗೆ ಹೊಟ್ಟೆ ತುಂಬಿರುತ್ತೆ. ಗಬಗಬ ತಿನ್ನಿಸಿ ಏನು ಮಾಡಬೇಕು?" ಎಂದಳು.

ಅವರು ಒಪ್ಪಿದರು. ಚಿಕ್ಕದೇ ಎಂದಾಯಿತು. ಉಳಿದದ್ದು ವೈರು. ಅದರಲ್ಲೂ ಯೋಚಿಸುವುದೇನಿದೆ ಎನ್ನುವುದು ಅವರ ಮಾತು.

"ಕಾರಿಗೆ ಚಾರ್ಜ್ ಹಾಕೋ ಬಾಯಿ ಮೂತಿಯಲ್ಲೇ ಇದೆ. ಮೀಟರ್ ಬೋರ್ಡು ಗೇಟಿನ ಪಕ್ಕ. ನಾನು ರಿವರ್ಸಲ್ಲಿ ಒಳಗೆ ಹಾಕಿದ್ರೆ ಮೂತಿ ಗೇಟಿನ ಕಡೆಗೇ ಇರುತ್ತೆ. ಐದು ಮೀಟರ್ ಧಾರಾಳ. ಹತ್ತು ಮೀಟರ್ ತಗೊಂಡು ಬಟ್ಟೆ ಒಣಗಿಸ್ತೀಯಾ?"

ಮಾತು ಸರಿಯಾಗಿಯೇ ಇತ್ತು. ನಮ್ಮ ಮನೆಯ ಪಕ್ಕದ ಓಣಿ ಕಾರಿನಷ್ಟೇ ಅಗಲ. ಎರಡೂ ಕಡೆ ಒಂದೊಂದು ಕೈ ಜಾಗ. ಅದರೊಳಗೆ ಅವರು ಪ್ರತಿ ಸಂಜೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸುವುದನ್ನು ನೋಡಬೇಕು. ಸೂಜಿಗೆ ದಾರ ಪೋಣಿಸಿದ ಹಾಗೆ. ಎದುರು ಮನೆಯವರು ವರಾಂಡದಲ್ಲಿ ನಿಂತು ನೋಡುತ್ತಾರೆ. ಇಡೀ ಆಯುಷ್ಯದಲ್ಲಿ ಗಾಡಿಗೆ ಒಂದು ಗೀರು ಬಿದ್ದಿಲ್ಲ. ಡಿಪೋದವರು ಅಪಘಾತ ಮಾಡದ ಚಾಲಕ ಎಂದು ಪದಕ ಕೊಟ್ಟಿದ್ದರು.

ಆದರೆ ಸೂಜಿ ಪೋಣಿಸುವಾಗ ಇನ್ನೊಂದು ಕೈ ಇರುತ್ತದಲ್ಲ, ಅದು ನಾನು. ಬಸ್ಸಿನಲ್ಲಿ ಅವರ ಜೊತೆ ಉದ್ದಕ್ಕೂ ಇದ್ದ ಕಂಡಕ್ಟರನ್ನು ಎಲ್ಲರೂ ಸೀಟಿಯಣ್ಣ ಎನ್ನುತ್ತಿದ್ದರು. ಬಸ್ಸು ಹಿಂದಕ್ಕೆ ಹೋಗಬೇಕಾದರೆ ಸೀಟಿಯಣ್ಣ ಇಳಿದು ಹಿಂದೆ ನಿಂತು ಸೀಟಿ ಊದುತ್ತಿದ್ದ, ಬಸ್ಸಿನ ಮೈ ತಟ್ಟುತ್ತಿದ್ದ. ಮನೆಗೆ ಕಾರು ಬಂದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಮುಂದಿನ ಕೋಣೆಯಲ್ಲಿ ಹೊಲಿಯುತ್ತ ಕೂತಿರುತ್ತಿದ್ದೆ. ಎಂಜಿನ್ ಸದ್ದು ಕೇಳಿದ ಕೂಡಲೇ ಮಷಿನ್ ನಿಲ್ಲಿಸಿ ಎದ್ದು ಹೋಗಿ ಕಾರಿನ ಹಿಂದೆ ನಿಲ್ಲುವುದು. "ಬರ್ಲಿ, ಬರ್ಲಿ, ಬಲಕ್ಕೆ ಸ್ವಲ್ಪ, ಬರ್ಲಿ, ಹೋಲ್ಡಾನ್!" ಗಿರಾಕಿ ಅಳತೆ ಕೊಡುತ್ತ ಕೈ ಎತ್ತಿ ನಿಂತಿದ್ದರೆ ಹಾಗೇ ನಿಂತಿರಬೇಕು. ಹೊಸ ಕಾರಿಗೆ ಸದ್ದೇ ಇಲ್ಲ. ಹಾಗಾಗಿ ಈಗ ಗೇಟಿನ ಮುಂದೆ ಒಂದು ಹಾರನ್.

ಇದನ್ನು ನಾನು ಎಂದೂ ಕಷ್ಟವೆಂದುಕೊಂಡಿರಲಿಲ್ಲ. ಈಗ ಮಾತ್ರ ಬೇರೆಯಾಗಿತ್ತು. ಮಾರುಕಟ್ಟೆ ಬೀದಿಯಲ್ಲಿ ಒಂದು ಮಳಿಗೆ ಖಾಲಿಯಾಗಿತ್ತು. ಪಕ್ಕದ ಹೋಟೆಲಿನವರು ತಮ್ಮ ಕೆಲಸಗಾರರ ಸಮವಸ್ತ್ರವನ್ನೆಲ್ಲ ಹೊಲಿಯಲು ನನಗೇ ಕೊಡುತ್ತೇವೆಂದಿದ್ದರು, ಆದರೆ ಮನೆಯ ಕೋಣೆಯಲ್ಲಲ್ಲ, ಅಂಗಡಿ ಇದ್ದರೆ. ಜನ ಕೆಲಸ ಮುಗಿಸಿ ಬಟ್ಟೆ ಕೊಡಲು ಬರುವುದೇ ಸಂಜೆ. ಆ ಹೊತ್ತಿಗೆ ಬಾಗಿಲು ತೆರೆದಿರದಿದ್ದರೆ ಅದು ಅಂಗಡಿಯೇ ಅಲ್ಲ. ಚಾರ್ಜರ್ ಹಾಕಲು ಬರುವ ದಿನವೇ ಮಳಿಗೆಯ ಯಜಮಾನಿಗೂ ಉತ್ತರ ಬೇಕಿತ್ತು.

ನಮ್ಮವರು ಅಡ್ಡ ಹೇಳಿದವರಲ್ಲ. "ತಗೋ, ತಗೋ, ಬೋರ್ಡಲ್ಲಿ ನಿನ್ನ ಹೆಸರು ದೊಡ್ಡದಾಗಿ ಬರೆಸು" ಎಂದಿದ್ದರು. ಕಾರಿನಲ್ಲಿ ಕೂತ ಅಜ್ಜ ಅಜ್ಜಿಯರಿಗೆಲ್ಲ ಹೇಳಿಕೊಂಡು ಬಂದಿದ್ದರು. ಆದರೆ ಸಂಜೆ ಕಾರಿನ ಹಿಂದೆ ಯಾರು ನಿಲ್ಲುತ್ತಾರೆ ಎಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ. ಕಾರು ಒಳಗೆ ಹೋಗುವುದು ತಮ್ಮ ಕೈಚಳಕದಿಂದ ಎಂದೇ ಅವರು ನಂಬಿದ್ದರು. ಅದು ಸುಳ್ಳೂ ಅಲ್ಲವಲ್ಲ.

ಹೇಳಿದರೆ ಅವರ ಪದಕಕ್ಕೆ ಮಸಿ ಬಳಿದ ಹಾಗೆ. ಹೇಳದಿದ್ದರೆ ಗೋಡೆಗೆ ಐದು ಮೀಟರಿನದು ಕೂತುಬಿಡುತ್ತದೆ. ಆಮೇಲೆ ಏನಾಗುತ್ತದೆಂದು ನನಗೆ ಗೊತ್ತು, ಯಾಕೆಂದರೆ ನನ್ನ ಬುದ್ಧಿ ನನಗೆ ಗೊತ್ತು. ಅವರು ಗೇಟಿನ ಮುಂದೆ ಕಾಯುತ್ತಾರೆ ಎಂದು ನೆನಪಾದರೆ ಸಾಕು, ಗಿರಾಕಿಗೆ ನಾಳೆ ಬನ್ನಿ ಎಂದು ಬೀಗ ಹಾಕಿಕೊಂಡು ಓಡಿಬರುವವಳು ನಾನೇ. ಯಾರೂ ಬಲವಂತ ಮಾಡಬೇಕಾಗಿಲ್ಲ.

ಚಾರ್ಜರ್ ಹಾಕುವ ಫಿಟ್ಟರ್ ಬಂದದ್ದು ಸಂಜೆಗೆ ತುಸು ಮುಂಚೆ. ನಿಧಾನದ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್. ಬೋರ್ಡು ನೋಡಿದ, ಗೋಡೆ ತಟ್ಟಿದ, ಟೇಪು ಬಿಟ್ಟು ಓಣಿ ಅಳೆದ.

"ಕಾರು ಹೇಗೆ ನಿಲ್ಲಿಸ್ತೀರೋ ಒಂದ್ಸಲ ತೋರಿಸಿಬಿಡಿ ಸಾರ್. ಗುರುತು ಹಾಕ್ಕೊಳ್ತೀನಿ."

"ನೋಡಿ ಬೇಕಾದ್ರೆ, ಕಲೀಬಹುದು," ಎಂದು ನಮ್ಮವರು ಅಂಗಿಯ ಕಾಲರ್ ಸರಿಮಾಡಿಕೊಂಡು ಕಾರನ್ನು ಹೊರಗೆ ತೆಗೆದುಕೊಂಡು ಹೋದರು. ಬೀದಿಯ ಕೊನೆಗೆ ಹೋಗಿ ತಿರುಗಿಸಿಕೊಂಡು ಬಂದು, ಹಿಂಭಾಗ ಗೇಟಿನ ಕಡೆಗೆ ಮಾಡಿ ನಿಲ್ಲಿಸಿದರು. ಬೀದಿಯ ಮಕ್ಕಳು ಚೆಂಡಾಟ ನಿಲ್ಲಿಸಿ ನೋಡಿದವು.

ಹಾರನ್ ಆಯಿತು.

ನಾನು ಕೋಣೆಯಲ್ಲಿದ್ದೆ. ಕಾಲು ತಾನಾಗಿಯೇ ಪೆಡಲಿನಿಂದ ಎದ್ದಿತ್ತು. ಕೈಯಲ್ಲಿದ್ದ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದು ಕೂತೆ. ಮತ್ತೊಂದು ಹಾರನ್.

"ಯಾರಿಗೆ ಹೊಡೀತಿದಾರೆ?" ಫಿಟ್ಟರ್ ಕೇಳಿದ.

"ಅಮ್ಮಂಗೆ," ಎಂದು ಮಗಳು ನಕ್ಕಳು. "ಅಮ್ಮ ಹಿಂದೆ ನಿಂತ್ಕೊಳ್ದೆ ನಮ್ಮ ಗಾಡಿ ಒಂದಿಂಚೂ ಹಿಂದಕ್ಕೆ ಬರಲ್ಲ. ಇರಿ, ನಾನೇ ಹೋಗ್ತೀನಿ."

"ನೀನು ಹೋಗಬೇಡ," ಎಂದೆ ಕಿಟಕಿಯಿಂದ.

"ಅಪ್ಪ ಕಾಯ್ತಿದಾರಮ್ಮ."

"ನಾನು ಹೋಗ್ತೀನಿ."

ಹೋದೆ. ಆದರೆ ಕಾರಿನ ಹಿಂದಕ್ಕಲ್ಲ. ಅವರ ಬಾಗಿಲಿನ ಹತ್ತಿರ ಹೋಗಿ ನಿಂತೆ. ಅವರು ಗಾಜು ಇಳಿಸಿದರು.

"ಏನೇ, ಇಲ್ಲಿ ಯಾಕೆ ಬಂದೆ? ಹಿಂದೆ ಹೋಗು. ಫಿಟ್ಟರ್ ಕಾಯ್ತಿದಾರೆ."

"ಹೋಗಲ್ಲ ರೀ."

"ಕಾಲು ನೋವಾ?"

"ಕಾಲು ಚೆನ್ನಾಗಿದೆ. ಇನ್ನುಮೇಲೆ ಈ ಹೊತ್ತಿಗೆ ನಾನು ಅಂಗಡೀಲಿ ಇರ್ತೀನಲ್ಲ."

"ಇರು. ಯಾರು ಬೇಡ ಅಂದ್ರು? ಅಂಗಡಿಗೂ ಇದಕ್ಕೂ ಏನು ಸಂಬಂಧ?"

"ನೀವು ಆರಿಸಿರೋ ವೈರು ಐದು ಮೀಟರ್ ರೀ. ನಾನೂ ಸೇರಿದ್ರೆ ಮಾತ್ರ ಅದು ಸಾಕಾಗೋದು."

ಅವರು ನನ್ನ ಮುಖ ನೋಡಿದರು. ಆಮೇಲೆ ಕನ್ನಡಿ ನೋಡಿದರು. ಕಿವಿ ಕೆಂಪಗಾಯಿತು.

"ಅಂದ್ರೆ? ನೀನು ಇಲ್ದೆ ನನಗೆ ಗಾಡಿ ಒಳಗೆ ಹಾಕೋಕೆ ಬರಲ್ಲ ಅಂತಲಾ?"

"ಬರಲ್ಲ ಅಂತ ಯಾರು ಹೇಳಿದ್ರು? ಹಾಕಿ. ನಾನು ಇಲ್ಲೇ ನಿಂತು ನೋಡ್ತೀನಿ."

ಮಗಳು ಗೇಟಿನಿಂದ ಕೂಗಿದಳು: "ಅಪ್ಪ, ಕ್ಯಾಮೆರಾ ಇದೆಯಲ್ಲ, ಅದನ್ನ ನೋಡ್ಕೊಂಡು ಬನ್ನಿ!"

"ಕ್ಯಾಮೆರಾ ಸೀಟಿ ಊದುತ್ತಾ?"

"ಊದುತ್ತಪ್ಪ, ಕೀ ಕೀ ಅನ್ನುತ್ತೆ!"

"ಅದು ಗೋಡೆ ಕಂಡ್ರೂ ಕೀ ಅನ್ನುತ್ತೆ, ಮಗು ಕಂಡ್ರೂ ಕೀ ಅನ್ನುತ್ತೆ. ಸೀಟಿಯಣ್ಣ ಹಂಗೆ ಊದಿದ್ರೆ ನಾನು ಅವತ್ತೇ ಬಸ್ಸಿಂದ ಇಳಿಸ್ತಿದ್ದೆ."

ಮಕ್ಕಳೆಲ್ಲ ಕೀ ಕೀ ಎಂದು ಅಣಕಿಸಿ ನಕ್ಕವು. ಎದುರು ಮನೆಯವರು ವರಾಂಡಕ್ಕೆ ಬಂದಾಗಿತ್ತು. ನಮ್ಮವರು ಗೇರ್ ಹಾಕಿದರು. ಕಾರು ಒಂದು ಗೇಣು ಹಿಂದೆ ಸರಿಯಿತು, ನಿಂತಿತು. ಬಲಗನ್ನಡಿ ನೋಡಿದರು, ಎಡಗನ್ನಡಿ ನೋಡಿದರು. ಇನ್ನೊಂದು ಗೇಣು. ಮತ್ತೆ ನಿಂತಿತು. ಹಿಂದೆ ಹೋಗಿ ಒಂದು ಸಲ "ಬರ್ಲಿ" ಎಂದುಬಿಡಲೇ ಎನಿಸಿತು. ಹಾಗಂದಿದ್ದರೆ ಅವರ ಮಾನ ಉಳಿಯುತ್ತಿತ್ತು, ನನ್ನ ಅಂಗಡಿ ಹೋಗುತ್ತಿತ್ತು. ಸೆರಗಿನ ತುದಿ ಹಿಡಿದು ಅಲ್ಲೇ ನಿಂತೆ.

ಅವರು ಬ್ರೇಕಿನ ಮೇಲೆ ಕಾಲಿಟ್ಟರು.

"ಇಲ್ಲ ಕಣೇ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಕೈಲಿ ಆಗುತ್ತೆ. ಆದ್ರೆ ಮಾಡಲ್ಲ. ಹಿಂದೆ ಆಳಿಲ್ದೆ ನಾನು ಯಾವತ್ತೂ ಗಾಡಿ ಹಿಂದಕ್ಕೆ ಬಿಟ್ಟಿಲ್ಲ. ಈ ಮಕ್ಕಳನ್ನ ನೋಡು, ಎಲ್ಲಿ ಯಾವುದು ಓಡಿಬರುತ್ತೋ. ಇವತ್ತು ಜಂಭಕ್ಕೆ ಬಿದ್ದು ಬಿಡ್ತೀನಿ, ನಾಳೆ ಅದೇ ಅಭ್ಯಾಸ ಆಗುತ್ತೆ."

ನನಗೆ ಒಂದು ವಿಷಯ ನೆನಪಾಯಿತು. ಪದಕ ಕೊಟ್ಟ ದಿನ ಫೋಟೊ ತೆಗೆಯಬೇಕಾದರೆ ಅವರು ವೇದಿಕೆಯಿಂದ ಇಳಿದು ಹೋಗಿ ಸೀಟಿಯಣ್ಣನ ತೋಳು ಹಿಡಿದು ಎಳೆದುಕೊಂಡು ಬಂದಿದ್ದರು. ಡಿಪೋದ ಸಾಹೇಬರು ಕಂಡಕ್ಟರಿಗೆ ಬೇರೆ ಸಮಾರಂಭವಿದೆ ಎಂದರೂ ಬಿಟ್ಟಿರಲಿಲ್ಲ. ಇಂಥವರಿಗೆ ನೇರವಾಗಿ ಹೇಳಲು ನಾನು ಇಷ್ಟು ಹೆದರಿದೆನಲ್ಲ ಎನಿಸಿತು.

"ಮೂತಿ ಮುಂದಾಗಿ ಒಳಗೆ ಹೋದ್ರೆ ಬೆಳಿಗ್ಗೆ ಹಿಂದಕ್ಕೆ ಬಂದು ರಸ್ತೆಗೆ ಬೀಳಬೇಕಲ್ಲ," ಎಂದರು, ತಮಗೇ ಹೇಳಿಕೊಂಡ ಹಾಗೆ. "ಆವಾಗ?"

"ಬೆಳಿಗ್ಗೆ ನಾನಿರ್ತೀನಲ್ಲ. ಅಂಗಡಿ ತೆಗೆಯೋದು ಆಮೇಲೆ. ಮಕ್ಕಳೂ ಎದ್ದಿರಲ್ಲ."

"ಹಂಗಾದ್ರೆ ನಿನಗೆ ಇನ್ಮೇಲೆ ಒಂದೇ ಶಿಫ್ಟು."

"ಒಂದೇ ಶಿಫ್ಟು."

ಅವರು ಮತ್ತೆ ಬೀದಿಯ ಕೊನೆಗೆ ಹೋಗಿ ಬಂದರು. ಈ ಸಲ ಮೂತಿ ಮುಂದಾಗಿ. ಗೇಟಿನ ಕಂಬಕ್ಕೆ ಕನ್ನಡಿ ತಾಗದ ಹಾಗೆ, ಎರಡೂ ಕಡೆ ಸಮವಾಗಿ ಒಂದೊಂದು ಕೈ ಬಿಟ್ಟು, ನಿಲ್ಲಿಸದೆ, ತಡವರಿಸದೆ ಒಂದೇ ಓಟಕ್ಕೆ ಒಳಗೆ ತಂದು ನಿಲ್ಲಿಸಿದರು. ಫಿಟ್ಟರ್ ಟೇಪು ಹಿಡಿದು ಅಳೆದು "ಅಬ್ಬಾ" ಎಂದ. ಅವನು ಅಷ್ಟೇ ಹೇಳಿದ್ದು, ಆದರೆ ನಮ್ಮವರು ಅದನ್ನು ಕೇಳಿಸಿಕೊಂಡದ್ದು ನನಗೆ ಗೊತ್ತಾಯಿತು.

"ಉದ್ದದ್ದೇ ಹಾಕಿ," ಎಂದರು ಇಳಿದು. "ಹತ್ತು ಮೀಟರ್. ಮೂತಿ ಈಗ ಓಣಿಯ ಆ ತುದಿಯಲ್ಲಿದೆ, ಐದು ಮುಟ್ಟಲ್ಲ."

"ಖರ್ಚು ಜಾಸ್ತಿಯಾಗುತ್ತೆ ಸಾರ್."

"ಆಗಲಿ. ನಮ್ಮ ಕಂಡಕ್ಟರಿಗೆ ಪ್ರಮೋಷನ್ ಆಗಿದೆ. ಸ್ವಂತ ಡಿಪೋ." ಎದುರು ಮನೆಯವರಿಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದರು.

ಮಗಳು ನನ್ನ ಸೊಂಟಕ್ಕೆ ತಿವಿದಳು. "ಏನಮ್ಮ, ಕಣ್ಣಲ್ಲಿ ನೀರು?"

"ದಾರದ ಧೂಳು ಕಣೇ," ಎಂದು ಒಳಗೆ ಹೋಗಿ ಮಳಿಗೆಯ ಯಜಮಾನಿಗೆ ಫೋನ್ ಮಾಡಿದೆ. ಬಾಡಿಗೆ ಸ್ವಲ್ಪ ಇಳಿಸಿ ಎಂದೂ ಕೇಳಿದೆ. ಇಳಿಸಲಿಲ್ಲ. ಆದರೂ ಆಯಿತು ಎಂದೆ.

ಈಗ ಮಾರುಕಟ್ಟೆ ಬೀದಿಯಲ್ಲಿ ನನ್ನ ಬೋರ್ಡಿದೆ. ಎರಡು ಮಷಿನ್, ಒಬ್ಬಳು ಸಹಾಯಕಿ. ಹೋಟೆಲಿನ ಬಟ್ಟೆಯಲ್ಲದೆ ಪಕ್ಕದ ಆಸ್ಪತ್ರೆಯವರದೂ ಬರುತ್ತಿದೆ. ನಮ್ಮವರು ರೋಗಿಗಳನ್ನು ಬಿಟ್ಟು ಬರುವಾಗ ದಾರಿ ಸುತ್ತಾದರೂ ಅಂಗಡಿ ಮುಂದೆಯೇ ಹಾದುಹೋಗುತ್ತಾರೆ. ಕಾರಿನಲ್ಲಿ ಯಾರಾದರೂ ಇದ್ದರಂತೂ ನಿಧಾನವಾಗಿ, ಬೋರ್ಡು ಓದಲು ಆಗುವಷ್ಟು ನಿಧಾನವಾಗಿ. ಮನೆಯಲ್ಲಿ ಕಾರು ರಾತ್ರಿಯೆಲ್ಲ ಚಾರ್ಜ್ ಆಗುತ್ತದೆ, ಬೆಳಿಗ್ಗೆ ನಾನು ಹಿಂದೆ ನಿಂತು ಕಳಿಸುತ್ತೇನೆ.

ವೈರಿಗೆ ಹೆಚ್ಚು ಕೊಟ್ಟ ದುಡ್ಡು ಬೇಗನೆ ವಾಪಸು ಬಂತು. ಹೋದದ್ದು ಒಂದೇ. ಅವರು ಮನೆಗೆ ಬರುವ ಹೊತ್ತಿನಲ್ಲಿ ನಾನು ಗೇಟಿನಲ್ಲಿ ಇರುವುದಿಲ್ಲ, ಆ ದಿನ ಹೇಗಿತ್ತೆಂದು ಅವರ ಮುಖ ನೋಡಿ ಮೊದಲು ತಿಳಿದುಕೊಳ್ಳುವವಳು ಈಗ ನಾನಲ್ಲ, ಮಗಳು.